ದೇವರ ಕೋಣೆಯಲ್ಲಿದ್ದ ರೈಲಿನ ಕೋಲು

ಠಣ್ ಅಂತ ಒಂಟಿ ಏಟು ಬಿದ್ದರೆ ರೈಲು ಹೊರಡಲು ಇನ್ನೂ ಅರ್ಧ ಗಂಟೆ ಇದೆ ಎಂದು ಅರ್ಥ. ಠಣ್ ಠಣ್ ಅಂತ ಜೋಡಿ ಏಟು ಬಿದ್ದರೆ ಐದೇ ನಿಮಿಷ. ದುರ್ಗದ ಸ್ಟೇಷನ್ನಿನ ಬೇವಿನ ಮರಕ್ಕೆ ಮೊಳದುದ್ದದ ಹಳೇ ಕಂಬಿಯ ತುಂಡೊಂದನ್ನು ನೇತು ಹಾಕಿದ್ದರು. ಕಂಬಿಯ ದಾರಿ ಬದಲಿಸುವ ಪಾಯಿಂಟ್ಸ್‌ಮನ್ ಓಬಣ್ಣ ಅದನ್ನು ಕಬ್ಬಿಣದ ಸರಳಿನಿಂದ ಬಾರಿಸುತ್ತಿದ್ದ. ಬಾರಿಸಿದ ಮೇಲೂ ಆ ಕಂಬಿ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಾ ತೂಗಾಡುತ್ತಿತ್ತು, ನಮ್ಮ ಅಡುಗೆಮನೆಯ ತಟ್ಟೆಗಳೂ ಅದರ ಜೊತೆ ಸಣ್ಣಗೆ ನಡುಗುತ್ತಿದ್ದವು. ನಮ್ಮ ಮನೆಯಲ್ಲಿ ಗಡಿಯಾರ ಇತ್ತು, ಆದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. ಒಂಟಿ ಏಟಿಗೆ ಅವ್ವ ಅನ್ನದ ಗಂಜಿ ಬಸಿಯುತ್ತಿದ್ದಳು, ಸ್ಟೇಷನ್ ಮಾಸ್ಟರಾಗಿದ್ದ ಅಪ್ಪ ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಜೋಡಿ ಏಟು ಬೀಳುವಷ್ಟರಲ್ಲಿ ಅಕ್ಕ ನನ್ನ ಎರಡನೇ ಜಡೆಗೆ ರಿಬ್ಬನ್ ಬಿಗಿದಾಗಿರಬೇಕು. ಬಿಗಿದಾದ ಮೇಲೆ ತಲೆಗೆ ಒಂದು ಮೊಟಕುತ್ತಿದ್ದಳು. ಆ ಮೊಟಕೇ ನನಗೆ ಗುಡ್ ಮಾರ್ನಿಂಗ್.

ಈಗ ಅಲ್ಲಿಗೆ ಹೋದರೆ ಬೇವಿನ ಮರ ಇಲ್ಲ. ಯಾವ ಊರಿನವಳೋ ಗೊತ್ತಾಗದ ಒಬ್ಬ ಹೆಂಗಸಿನ ರೆಕಾರ್ಡೆಡ್ ದನಿ ಮೂರು ಭಾಷೆಗಳಲ್ಲಿ ರೈಲಿನ ನಂಬರು ಹೇಳುತ್ತದೆ. ರೈಲು ಲೇಟಾದರೆ ಪ್ರಯಾಣಿಕರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ ಎಂದು ಮೂರರಲ್ಲೂ ಹೇಳುತ್ತದೆ. ನನಗೆ ಒಂದು ಭಾಷೆಯಲ್ಲೂ ಅದನ್ನು ಹೇಳಲು ಆಗಲಿಲ್ಲ. ನಮ್ಮ ಕ್ವಾರ್ಟರ್ಸನ್ನು ಕೆಡವಿ ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ ಎಂದು ಕೇಳಿ ಹೋದ ತಿಂಗಳು ಆಟೋ ಮಾಡಿಕೊಂಡು ನೋಡಲು ಹೋಗಿದ್ದೆ. ದೇವರ ಕೋಣೆ ಇದ್ದ ಜಾಗ ಎಲ್ಲಿ ಎಂದು ಹೆಜ್ಜೆ ಹಾಕಿ ಅಳೆದೆ. ಅಲ್ಲೊಂದು ಬಿಳಿ ಕಾರು ನಿಂತಿತ್ತು. ಆ ಕೋಣೆಯ ವಿಷಯವನ್ನು ಬರೆದಿಡದೆ ಹೋದರೆ ನಾನು ಮಾಡಿದ್ದೂ ಕಾರಿನ ಕೆಳಗೆ ಸೇರಿಬಿಡುತ್ತದೆ ಅನ್ನಿಸಿತು. ಅದು ಸುಲಭದ ದಾರಿ. ಇಷ್ಟು ವರ್ಷ ಸುಲಭದ ದಾರಿಯಲ್ಲೇ ಬಂದೆ.

ನಾನು ಹುಟ್ಟಿ ಬೆಳೆದ ಕಾಲಕ್ಕೆ ದುರ್ಗ ಅಂದರೆ ರೈಲು ಮುಗಿಯುವ ಊರು. ಹೊಳಲ್ಕೆರೆ ಕಡೆಯ ಚಿಕ್ಕಜಾಜೂರಿನಲ್ಲಿ ದೊಡ್ಡ ಲೈನಿನಿಂದ ಒಡೆದ ಒಂದು ಕವಲು ನಮ್ಮ ಮನೆಯ ಹಿತ್ತಲ ಪಕ್ಕ ಬಂದು, ಒಂದು ಮಣ್ಣಿನ ದಿಬ್ಬಕ್ಕೆ ಮೂಗು ಒರಗಿಸಿ ನಿಂತುಬಿಡುತ್ತಿತ್ತು. ಅದರಾಚೆ ಜಾಲಿ ಗಿಡ, ಬಂಡೆ. ಇದ್ದದ್ದು ಒಂದೇ ರೈಲು. ಬೆಳಿಗ್ಗೆ ಒಂಬತ್ತೂವರೆಗೆ ಚಿಕ್ಕಜಾಜೂರಿಗೆ ಹೋಗುತ್ತಿತ್ತು, ಸಾಯಂಕಾಲ ವಾಪಸು ಬಂದು ರಾತ್ರಿ ನಮ್ಮಲ್ಲೇ ಮಲಗುತ್ತಿತ್ತು. ಎಂಜಿನ್ನನ್ನು ತಿರುಗುವ ಹಾಸಿನ ಮೇಲೆ ನಿಲ್ಲಿಸಿ ನಾಲ್ಕು ಜನ ಹೆಗಲು ಕೊಟ್ಟು ನೂಕಿ ಮುಖ ತಿರುಗಿಸುತ್ತಿದ್ದರು. ಗೂಡ್ಸ್ ಶೆಡ್ಡಿನಲ್ಲಿ ಶೇಂಗಾ ಚೀಲ, ಹತ್ತಿ ಅಂಡಿಗೆ. ಅವ್ವ ಎಂಜಿನ್ನಿನ ಬೂದಿಯಲ್ಲಿ ಉಳಿದ ಅರೆಸುಟ್ಟ ಇದ್ದಿಲನ್ನು ತರಿಸಿ, ಹಿತ್ತಲಲ್ಲಿ ಸುತ್ತಿಗೆಯಿಂದ ಒಡೆದು ಒಲೆಗೆ ಹಾಕುತ್ತಿದ್ದಳು. ನಮ್ಮ ಮನೆಯ ಅನ್ನಕ್ಕೆ, ಬಟ್ಟೆಗೆ, ನಮ್ಮ ಕೂದಲಿಗೆ ಕೂಡ ರೈಲಿನ ವಾಸನೆ ಇತ್ತು. ಕಾನ್ವೆಂಟಿನಲ್ಲಿ ಹುಡುಗಿಯರು ನನ್ನನ್ನು ಕೋಲ್ ಗರ್ಲ್, ಅಂದರೆ ಇದ್ದಿಲ ಹುಡುಗಿ, ಅನ್ನುತ್ತಿದ್ದರು. ಅಳುತ್ತಾ ಬಂದರೆ ಅಕ್ಕ ಸರೋಜ, "ವಜ್ರಾನೂ ಅದೇ ಜಾತಿ ಅಂತ ಹೇಳು ಹೋಗು" ಅನ್ನುತ್ತಿದ್ದಳು. ಅವಳಿಗೆ ಹದಿನೇಳು, ನನಗೆ ಒಂಬತ್ತು. ಒಂದೇ ಮಂಚ, ಒಂದೇ ಕಂಬಳಿ, ಒಂದೇ ತಗಡಿನ ಟ್ರಂಕು.

ಕೋಲಿನ ವಿಷಯ ಹೇಳಬೇಕು. ಒಂಟಿ ಕಂಬಿಯ ದಾರಿಯಲ್ಲಿ ಎರಡು ರೈಲು ಎದುರುಬದುರಾಗದಂತೆ ಆಗ ಒಂದು ಪದ್ಧತಿ ಇತ್ತು. ಚಿಕ್ಕಜಾಜೂರಿಗೂ ದುರ್ಗಕ್ಕೂ ಸೇರಿ ಒಂದೇ ಒಂದು ಮರದ ಕೋಲು. ಮೊಳಕ್ಕಿಂತ ಸ್ವಲ್ಪ ಉದ್ದ, ಕೆಂಪು ಬಣ್ಣ, ತುದಿಯಲ್ಲಿ ಹಿತ್ತಾಳೆ ಬಿಲ್ಲೆ, ಅದರ ಮೇಲೆ ಎರಡೂ ಊರಿನ ಹೆಸರು ಇಂಗ್ಲಿಷಿನಲ್ಲಿ. ಸ್ಟೇಷನ್ ಮಾಸ್ಟರ್ ಆ ಕೋಲನ್ನು ಡ್ರೈವರನ ಕೈಗೆ ಕೊಡಬೇಕು. ಕೋಲು ಕೈಯಲ್ಲಿದ್ದರೆ ದಾರಿ ಅವನದು. ಕೋಲಿಲ್ಲದೆ ರೈಲು ಒಂದು ಗೇಣು ಕದಲುವಂತಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಟಾಫ್ ಎಂದು ಹೆಸರು, ನಮ್ಮ ಮನೆಯಲ್ಲಿ ಬರೀ ಕೋಲು. ಅಪ್ಪ ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ರಾತ್ರಿ ಅದು ಆಫೀಸಿನ ಪೆಟ್ಟಿಗೆಯಲ್ಲಿ ಇರುತ್ತಿತ್ತು. ವರ್ಷದಲ್ಲಿ ಒಂದು ರಾತ್ರಿ ಮಾತ್ರ ಮನೆಗೆ ಬರುತ್ತಿತ್ತು. ಆಯುಧ ಪೂಜೆಯ ಹಿಂದಿನ ರಾತ್ರಿ.

ಇದು ಅಜ್ಜಿ ಹಾಕಿದ ಪದ್ಧತಿ. ಅಪ್ಪನ ತಾಯಿ, ಮಾಡದಕೆರೆಯವಳು. ರೈತ ನೇಗಿಲಿಗೆ ಪೂಜೆ ಮಾಡುತ್ತಾನೆ, ನನ್ನ ಮಗನ ನೇಗಿಲು ಈ ಕೋಲು, ಅದು ದೇವರ ಮುಂದೆ ಒಂದು ರಾತ್ರಿ ಮಲಗಬೇಕು ಎಂದು ಅವಳ ಹಟ. ರೂಲ್ ಬುಕ್ಕಿನ ಪ್ರಕಾರ ಅದು ದೊಡ್ಡ ತಪ್ಪು. ರೂಲ್ ಬುಕ್ಕನ್ನು ಬಾಯಿಪಾಠ ಮಾಡಿದ್ದ ಅಪ್ಪ ತಾಯಿಯ ಮುಂದೆ ಮಾತ್ರ ಅದರ ಒಂದು ಪುಟವನ್ನೂ ತೆರೆಯುತ್ತಿರಲಿಲ್ಲ. ಡ್ರೈವರ್ ಖಾದರ್ ಸಾಬರಿಗೂ ಇದು ಗೊತ್ತಿತ್ತು. ಪೂಜೆಯ ದಿನ ಕೋಲಿನ ಜೊತೆ ಅವರಿಗೆ ಎಲೆಯಲ್ಲಿ ಸುತ್ತಿದ ಎರಡು ಹೋಳಿಗೆ ಹೋಗುತ್ತಿತ್ತು.

ದೇವರ ಕೋಣೆ ಅಂದರೆ ಹಿಂದೆ ಸಿಗ್ನಲ್ ದೀಪದ ಎಣ್ಣೆ ಇಡುತ್ತಿದ್ದ ಗೂಡು. ಕಿಟಕಿ ಇಲ್ಲ. ಕಬ್ಬಿಣದ ಪಟ್ಟಿ ಹೊಡೆದ ಬಾಗಿಲು, ಅಂಗೈ ಅಗಲದ ಬೀಗ. ಬೀಗದಕೈ ಹಗಲೂ ರಾತ್ರಿ ಅಜ್ಜಿಯ ಸೊಂಟದಲ್ಲಿ.

ಆ ವರ್ಷ ಅಕ್ಕನ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಸಿಸ್ಟರ್ ಆಗ್ನೆಸ್ ಎಂಬ ನಮ್ಮ ಕಾನ್ವೆಂಟಿನ ಟೀಚರ್ ಅವಳಿಗೆ ಬೆಂಗಳೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಸೀಟು ಕೊಡಿಸಿದ್ದರು. ಊಟ, ವಸತಿ, ಬಿಳಿ ಸಮವಸ್ತ್ರ, ಎಲ್ಲ ಅವರದೇ. ಮನೆಯಲ್ಲಿ ಒಂದು ತಿಂಗಳು ಜಗಳ ನಡೆಯಿತು. ಊಟದ ತಟ್ಟೆಗಳ ಮೇಲೆಯೇ ನಡೆಯಿತು.

"ಕಂಡೋರ ಮೈ ಮುಟ್ಟಾದು, ಕಂಡೋರ ಹೇಲು ಉಚ್ಚೆ ಬಳಿಯಾದು. ಇದನ್ನ ಕಲಿಯಾಕೆ ಬೆಂಗ್ಳೂರಿಗೆ ಬ್ಯಾರೆ ಹೋಗ್ಬೇಕಾ? ಗಂಡನ ಮನ್ಯಾಗೆ ಬೇಕಾದಷ್ಟು ಐತೆ" ಅಂತ ಅಜ್ಜಿ.

"ಅಲ್ಲಿ ಬಳಿದ್ರೆ ಯಾರೂ ಥ್ಯಾಂಕ್ಸ್ ಹೇಳಲ್ಲ ಅಜ್ಜಿ. ಇಲ್ಲಾದ್ರೆ ಹೇಳ್ತಾರೆ" ಅಂತ ಅಕ್ಕ.

"ನೋಡೋ ಇವ್ಳ ಬಾಯಿ! ಆ ಬಿಳಿಸೀರೆ ಸನ್ಯಾಸಿನಿ ತಲೆ ಕೆಡಿಸವ್ಳೆ."

ಅವ್ವ ಜಾಸ್ತಿ ಮಾತಾಡುವವಳಲ್ಲ. ಅವಳು ಒಂದು ದಿನ ಸಾರಿನ ಸೌಟು ಕೆಳಗಿಟ್ಟು ಅಪ್ಪನ ಕಡೆ ನೋಡಿ, "ನನ್ ಮಗ್ಳು ಹೋಗ್ತಾಳೆ ಕಣ್ರಿ" ಎಂದಳು. ಅಷ್ಟೇ. ಅಪ್ಪ ಒಪ್ಪಿದರು, ಆದರೆ ಒಂದು ಕಂಡಿಷನ್ ಹಾಕಿದರು. ಅಕ್ಕ ಒಂಟಿಯಾಗಿ ಹೋಗುವಂತಿಲ್ಲ. ಸಿಸ್ಟರ್ ದಸರಾ ರಜೆಗೆ ಹುಬ್ಬಳ್ಳಿಗೆ ಹೋಗಿದ್ದವರು ಆಯುಧ ಪೂಜೆಯ ದಿನ ಬೆಂಗಳೂರಿನ ಮೇಲ್ ರೈಲಿನಲ್ಲಿ ಬರುತ್ತಿದ್ದರು. ಅಕ್ಕ ನಮ್ಮ ರೈಲಿನಲ್ಲಿ ಚಿಕ್ಕಜಾಜೂರಿಗೆ ಹೋಗಿ, ಅಲ್ಲಿ ಆ ಮೇಲ್ ಹತ್ತಿ ಸಿಸ್ಟರ್ ಜೊತೆ ಸೇರಬೇಕು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಾಜರಾಗದಿದ್ದರೆ ಸೀಟು ಲಿಸ್ಟಿನಲ್ಲಿರುವ ಮುಂದಿನ ಹುಡುಗಿಗೆ. ಸಿಸ್ಟರ್ ಪತ್ರದಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಹಿಂದಿನ ಸಂಜೆ ಅಕ್ಕ ಟ್ರಂಕಿನಿಂದ ನನ್ನ ಬಟ್ಟೆಗಳನ್ನೆಲ್ಲ ತೆಗೆದು ಗೋಣಿಚೀಲದ ಮೇಲೆ ಪೇರಿಸಿದಳು. ಅವಳದ್ದನ್ನು ಒಳಗೆ ಮಡಿಸಿಟ್ಟಳು. ಖಾಲಿಯಾದ ನನ್ನ ಅರ್ಧದಲ್ಲೂ ಅವಳ ಬಟ್ಟೆ ಬಂದು ಕೂತವು. ನಾನು ನೋಡುತ್ತಾ ನಿಂತಿದ್ದೆ.

"ಇನ್ಮೇಲೆ ಮಂಚ ಪೂರ್ತಿ ನಿಂದೇ ಸುಮಿ. ಕಾಲು ಚಾಚಿ ಮಲಿಕ್ಕೊ. ಯು ಆರ್ ಎ ಬಿಗ್ ಗರ್ಲ್ ನೌ."

ನನಗೆ ಪೂರ್ತಿ ಮಂಚ ಬೇಕಾಗಿರಲಿಲ್ಲ.

ಬೆಳಿಗ್ಗೆ ಅಜ್ಜಿ ಮಡಿಯುಟ್ಟು ಪೂಜೆ ಮುಗಿಸಿದಳು. ಕೋಲಿಗೆ ಅರಿಶಿನ ಕುಂಕುಮ, ಸೇವಂತಿಗೆ ಸರ. ನೆರೆಯ ಹೆಂಗಸರ ಜೊತೆ ಬೆಟ್ಟದ ಮೇಲಿನ ಅಮ್ಮನ ಗುಡಿಗೆ ಹೊರಟಳು. ಅವ್ವ ಆವತ್ತು ತಿಂಗಳ ಮೂರು ದಿನದಲ್ಲಿದ್ದಳು. ಹಿತ್ತಲ ಜಗಲಿಯ ಮೇಲೆ ಬೇರೆ ಚಾಪೆ, ಬೇರೆ ಚೊಂಬು ಇಟ್ಟುಕೊಂಡು ಕೂತಿದ್ದಳು. ಮಗಳು ಮನೆ ಬಿಟ್ಟು ಹೋಗುವ ದಿನ ಅವಳ ತಲೆ ಬಾಚುವ ಹಾಗೂ ಇರಲಿಲ್ಲ. ಹೊರಡುವ ಮುಂಚೆ ಅಜ್ಜಿ ದೇವರ ಕೋಣೆಗೆ ಬೀಗ ಹಾಕಿದಳು. ಯಾವತ್ತೂ ಮಾಡದ ಕೆಲಸ ಒಂದು ಮಾಡಿದಳು. ಬೀಗದಕೈಯನ್ನು ಸೊಂಟದಿಂದ ಬಿಚ್ಚಿ ನನ್ನ ಕೈಯಲ್ಲಿಟ್ಟಳು.

"ನಿಮ್ಮಪ್ಪ ಬಂದು ಕೇಳ್ದಾಗ ಕೊಡು. ನಿಮ್ಮವ್ವ ಮುಟ್ಟಂಗಿಲ್ಲ, ಗೊತ್ತಾತಾ? ಕಳ್ಕಂಡೀಯ ಮತ್ತೆ, ಲೇ."

ನನ್ನ ಫ್ರಾಕಿಗೆ ಜೇಬಿತ್ತು. ಆ ಫ್ರಾಕು ಅಕ್ಕ ಹೊಲಿದದ್ದು, ಜೇಬನ್ನು ಕೂಡ ಅವಳೇ ಹಚ್ಚಿದ್ದು. ಬೀಗದಕೈ ಅದರಲ್ಲಿ ಹಾಕಿಕೊಂಡೆ. ಕಬ್ಬಿಣ ತೊಡೆಗೆ ತಣ್ಣಗೆ ತಾಗಿತು.

ಓಬಣ್ಣ ಒಂಟಿ ಏಟು ಹೊಡೆದ. ಅಕ್ಕ ಹಿತ್ತಲ ಬಾಗಿಲಿಗೆ ಹೋಗಿ ಅವ್ವನಿಗೆ ದೂರದಿಂದಲೇ ನೆಲಕ್ಕೆ ಹಣೆಯಿಟ್ಟು ನಮಸ್ಕಾರ ಮಾಡಿದಳು. ಅವ್ವ ಸೆರಗು ಬಾಯಿಗೆ ತುಂಬಿಕೊಂಡು ಕೈ ಮಾತ್ರ ಎತ್ತಿದಳು. ಟ್ರಂಕು ಹೊತ್ತುಕೊಂಡು ಅಕ್ಕ ಪ್ಲಾಟ್‌ಫಾರಂಗೆ ಹೋಗಿ ಮುಂದಿನ ಡಬ್ಬಿಯ ಕಿಟಕಿ ಪಕ್ಕ ಕೂತಳು. ಆಗ ಅಪ್ಪ ಕೋಲು ತೆಗೆದುಕೊಳ್ಳಲು ಒಳಗೆ ಬಂದರು. ಬೀಗ ನೋಡಿ ನಿಂತರು.

"ನಮ್ಮವ್ವ ಎಲ್ಲಿ?"

"ಬೆಟ್ಟಕ್ಕೆ ಹೋಗ್ಯಾರೆ. ಯಾಕ್ರಿ?" ಎಂದು ಅವ್ವ ಜಗಲಿಯಿಂದಲೇ ಕೂಗಿದಳು.

"ಬೀಗದಕೈ?"

"ಅವ್ರ ಸೊಂಟ ಬಿಟ್ಟು ಎಲ್ಲಿಗ್ ಹೋಗ್ತೈತೆ ಅದು? ಅಯ್ಯೋ ಶಿವನೇ, ಕೋಲು ಒಳಗೈತಾ?"

ಅಪ್ಪ ನನ್ನ ಕಡೆ ತಿರುಗಿದರು. ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ಕಾಣುತ್ತಿತ್ತು.

"ಸುಮೀ, ಅಜ್ಜಿ ನಿನ್ ಕೈಯಾಗೆ ಬೀಗದಕೈ ಏನಾದ್ರೂ ಕೊಟ್ಳಾ?"

ನಾನು ತಲೆ ಅಲ್ಲಾಡಿಸಿದೆ. ಇಲ್ಲ ಅಂತ.

ಈ ವಯಸ್ಸಿನಲ್ಲಿ ನಾನು ಯಾವ ಎಕ್ಸ್‌ಕ್ಯೂಸ್ ಹುಡುಕುವುದೂ ಇಲ್ಲ. ಮೊದಲೇ ಲೆಕ್ಕ ಹಾಕಿರಲಿಲ್ಲ, ನಿಜ. ಆದರೆ ತಲೆ ಅಲ್ಲಾಡಿಸಿದ ಆ ಕ್ಷಣದಲ್ಲಿ ನನಗೆ ಎಲ್ಲವೂ ಗೊತ್ತಿತ್ತು. ಕೋಲಿಲ್ಲದೆ ರೈಲಿಲ್ಲ. ರೈಲಿಲ್ಲದೆ ಅಕ್ಕ ಹೋಗುವುದಿಲ್ಲ. ರೈಲಿನವರ ಮಕ್ಕಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ತಾಯಿಯ ದೇವರ ಕೋಣೆಯ ಬೀಗ ಒಡೆಯಲು ಅಪ್ಪನಿಗೆ ಕೈ ಬರಲಿಲ್ಲ, ಓಬಣ್ಣನನ್ನು ಬೆಟ್ಟಕ್ಕೆ ಓಡಿಸಿದರು. ಬೆಟ್ಟ ಅಂದರೆ ಅದು ಪಕ್ಕದ ಬೀದಿಯಲ್ಲ, ಹೋಗಿ ಬರಲು ಒಂದು ಗಂಟೆಗೂ ಮೀರಿ ಬೇಕು. ಜೋಡಿ ಏಟು ಹೊಡೆಯಲು ಯಾರೂ ಇರಲಿಲ್ಲ, ಅಪ್ಪನೇ ಹೋಗಿ ಹೊಡೆದರು. ಯಾಕೆ ಹೊಡೆದರೋ ಗೊತ್ತಿಲ್ಲ. ಒಂಬತ್ತೂವರೆ ಆಯಿತು. ಎಂಜಿನ್ನು ಬುಸುಗುಡುತ್ತಾ ನಿಂತಿತ್ತು, ಅದರ ಎದೆಗೂ ಸೇವಂತಿಗೆ ಹಾರ. ಖಾದರ್ ಸಾಬರು ಮೆಟ್ಟಿಲ ಮೇಲೆ ನಿಂತು ನಗುತ್ತಲೇ ಕೂಗಿದರು.

"ಏನ್ ಸಾಹೇಬ್ರೇ, ನನ್ ಕುದುರೆ ಹುಲ್ಲು ತಿಂದು ನೀರು ಕುಡ್ದು ಕುಣೀತೈತೆ. ಕೋಲು ಕೊಡ್ರಿ, ಹೋಗಾಣ."

"ಹೋಳಿಗೆ ಇನ್ನೂ ಬೆಂದಿಲ್ಲೇನೋ ಸಾಬ್ರೇ!" ಎಂದು ಡಬ್ಬಿಯಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಕಾಲು ಗಂಟೆ ಕಳೆದ ಮೇಲೆ ಯಾರೂ ನಗಲಿಲ್ಲ. ಕೋಲು ಕಳೆದುಹೋದರೆ ಏನು ಮಾಡಬೇಕು ಎಂಬುದಕ್ಕೂ ರೂಲ್ ಇತ್ತು. ಚಿಕ್ಕಜಾಜೂರಿಗೆ ಫೋನ್ ಮಾಡಿ, ಕಾರಣ ಬರೆಸಿ, ಕಾಗದದ ಮೇಲೆ ಅಪ್ಪಣೆ ಪಡೆಯಬೇಕು. ಕಾರಣ ಏನೆಂದು ಬರೆಸುವುದು? ನಮ್ಮ ತಾಯಿಯ ದೇವರ ಕೋಣೆಯಲ್ಲಿ ಬೀಗ ಹಾಕಿದೆ ಎಂದೇ? ಕೆಲಸ ಹೋಗುತ್ತದೆ, ಕ್ವಾರ್ಟರ್ಸು ಹೋಗುತ್ತದೆ. ಅಪ್ಪ ಎರಡು ಸಲ ಫೋನಿನ ಹಿಡಿ ತಿರುಗಿಸಿ ಎರಡು ಸಲವೂ ಕೆಳಗಿಟ್ಟರು. ಮೂರನೇ ಸಲ ಮಾತಾಡಿದರು. ಎಂಜಿನ್ನಿಗೆ ನೀರು ಹಿಡಿಸುವುದು ತಡವಾಗಿದೆ ಎಂದು ಸುಳ್ಳು ಹೇಳಿ, ಮೇಲ್ ಸ್ವಲ್ಪ ಹಿಡಿದುಕೊಳ್ಳಿ ಎಂದರು. ಆ ಕಡೆಯವರ ದನಿ ನನಗೂ ಕೇಳಿಸಿತು.

"ಇಪ್ಪತ್ತು ನಿಮಿಷ ಹಿಡೀತೀವ್ರಿ. ಅದರ ಮ್ಯಾಲೆ ಒಂದು ನಿಮಿಷಾನೂ ಆಗಲ್ಲ."

ನಾನು ಓಡಿಹೋಗಿ ಅಕ್ಕನ ಕಿಟಕಿಯ ಕೆಳಗೆ ನಿಂತೆ. ಅವಳು ಸರಳಿನಾಚೆಯಿಂದ ನನ್ನನ್ನು ನೋಡುತ್ತಾ ಕೂತಿದ್ದಳು. ಅವಳ ಕಣ್ಣು ನನ್ನ ಮುಖದ ಮೇಲಿತ್ತು, ಆಮೇಲೆ ಸ್ವಲ್ಪ ಕೆಳಗಿಳಿಯಿತು, ಮತ್ತೆ ಮುಖಕ್ಕೆ ಬಂತು. ನನ್ನನ್ನು ಬಿಟ್ಟು ಹೋಗಲು ಅವಳಿಗೂ ಸಂಕಟ ಆಗುತ್ತಿದೆ ಎಂದುಕೊಂಡೆ. ಎಷ್ಟೋ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಆ ನೋಟವನ್ನು ನಾನು ಒಡವೆಯ ಹಾಗೆ ಕಾಪಾಡಿಕೊಂಡು ಬಂದವಳು.

ಇಪ್ಪತ್ತು ನಿಮಿಷ ಆಯಿತು. ಮೂವತ್ತು ಆಯಿತು. ಓಬಣ್ಣ ಬರಲಿಲ್ಲ. ಆಗ ಮನೆಯ ಒಳಗಿನಿಂದ ಒಂದು ಸದ್ದು. ಕಬ್ಬಿಣಕ್ಕೆ ಕಬ್ಬಿಣ ಹೊಡೆದ ಸದ್ದು, ಓಬಣ್ಣನ ಕಂಬಿಯ ಸದ್ದಲ್ಲ. ಮತ್ತೆ ಮತ್ತೆ ಅದೇ ಸದ್ದು. ಅವ್ವ ಇದ್ದಿಲು ಒಡೆಯುವ ಸುತ್ತಿಗೆ ಹಿಡಿದು, ಮೂರು ದಿನ ದಾಟಬಾರದ ಹೊಸಿಲು ದಾಟಿ ನಡುಮನೆಗೆ ಬಂದು, ದೇವರ ಕೋಣೆಯ ಬೀಗ ಒಡೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೀಗದಕೈ ನನ್ನ ತೊಡೆಯ ಹತ್ತಿರವೇ ಇತ್ತು. ಆಗಲಾದರೂ ಕೊಡಬಹುದಿತ್ತು. ಕೊಟ್ಟರೆ ಮೊದಲೇ ಯಾಕೆ ಕೊಡಲಿಲ್ಲ ಎಂದು ಕೇಳುತ್ತಾರಲ್ಲ. ಬೀಗ ಒಡೆಯಿತು. ಅವ್ವ ಒಳಗೆ ಹೋಗಿ, ದೇವರ ಮುಂದಿನಿಂದ ಕೋಲು ಎತ್ತಿಕೊಂಡು, ಬಿಚ್ಚಿದ ತಲೆಯಲ್ಲೇ ಪ್ಲಾಟ್‌ಫಾರಂ ಉದ್ದಕ್ಕೂ ಎಲ್ಲರ ಮುಂದೆ ನಡೆದುಹೋಗಿ ಖಾದರ್ ಸಾಬರ ಕೈಗೆ ಕೊಟ್ಟಳು.

"ಓಡಿಸ್ರಿ ಅಣ್ಣಾ. ನನ್ ಮಗಳು ಕುಂತವ್ಳೆ" ಎಂದಳು.

ಸಾಬರು ಕೋಲನ್ನು ಕಣ್ಣಿಗೊತ್ತಿಕೊಂಡರು. ಆ ಎಂಜಿನ್ನು ಅಷ್ಟು ಜೋರಾಗಿ ಹೋದದ್ದನ್ನು ದುರ್ಗದಲ್ಲಿ ಯಾರೂ ನೋಡಿರಲಿಲ್ಲ. ಆದರೂ ಸಾಯಂಕಾಲ ಅದೇ ರೈಲಿನಿಂದ ಅಕ್ಕ ಟ್ರಂಕಿನ ಜೊತೆ ಇಳಿದಳು. ಮೇಲ್‌ನ ಕೊನೆಯ ಡಬ್ಬಿ ಸಿಗ್ನಲ್ ದಾಟುವುದು ಅವಳಿಗೆ ಕಂಡಿತಂತೆ. ಸಿಸ್ಟರ್ ಅಲ್ಲಿನ ಮಾಸ್ಟರ್ ಹತ್ತಿರ ಒಂದು ಚೀಟಿ ಬಿಟ್ಟುಹೋಗಿದ್ದರು. ಐ ಕುಡ್ ನಾಟ್ ಹೋಲ್ಡ್ ದ ಟ್ರೇನ್, ಚೈಲ್ಡ್.

ಅಜ್ಜಿ ಮಧ್ಯಾಹ್ನವೇ ಬಂದಿದ್ದಳು. ಇಳಿಯುವಾಗ ಬೇರೆ ದಾರಿ ಹಿಡಿದಿದ್ದರಿಂದ ಓಬಣ್ಣನಿಗೆ ಸಿಕ್ಕಿರಲಿಲ್ಲ. ಒಡೆದ ಬೀಗ ನೋಡಿದಳು, ದೇವರ ಕೋಣೆಯ ನೆಲದ ಮೇಲೆ ಅವ್ವನ ಹೆಜ್ಜೆ ನೋಡಿದಳು, ಹಣೆ ಚಚ್ಚಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ ಹೇಳಿದಳು.

"ಬೀಗದಕೈ ಎಲ್ಲೈತೆ?"

ತೆಗೆದುಕೊಟ್ಟೆ. ಅವಳು ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ನನ್ನ ಮುಖ ನೋಡಿದಳು. ಸೊಂಟಕ್ಕೆ ಕಟ್ಟಿಕೊಂಡಳು. ಅಪ್ಪ ಒಳಗೆ ಬಂದಾಗ ಅವಳೇ ಮೊದಲು ಮಾತಾಡಿದಳು.

"ಮರ್ತು ನನ್ ಸೊಂಟದಾಗೇ ಹೋಗ್ಬಿಡ್ತು ಕಣಪ್ಪ. ಹಾಳಾದ್ ಬುದ್ಧಿ. ಅಮ್ಮನಿಗೆ ಇಷ್ಟ ಇರ್ಲಿಲ್ಲ ಅಂತ ಕಾಣ್ತೈತೆ, ಹುಡುಗಿ ಹೋಗಾದು."

ಆವತ್ತು ಊಟಕ್ಕೆ ಕೂತಾಗ ಅಜ್ಜಿ ನನ್ನ ತಟ್ಟೆಗೆ ಕೇಳದೆಯೇ ಎರಡನೇ ಹೋಳಿಗೆ ಹಾಕಿದಳು, ಅದರ ಮೇಲೆ ತುಪ್ಪ. ನಾನು ತಿಂದೆ. ತಿಂದೆ ಎಂಬುದನ್ನು ಬರೆಯಲೇಬೇಕು. ಎದುರಿಗೆ ಅಕ್ಕ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಾ ಕೂತಿದ್ದಳು. ಅವ್ವ ಹಿತ್ತಲಲ್ಲಿ ಕತ್ತಲೆಯಲ್ಲಿ ಕೂತಿದ್ದಳು. ಆ ದಿನದಿಂದ ಅಜ್ಜಿ ಸಾಯುವವರೆಗೆ ಅವ್ವ ಅವಳ ಜೊತೆ ಮಾತಾಡಲಿಲ್ಲ. ಒಂದೇ ಒಲೆಯ ಮುಂದೆ ಇಬ್ಬರೂ ಕೂತು, "ಸುಮೀ, ನಿಮ್ಮಜ್ಜಿಗೆ ಹೇಳು, ಉಪ್ಪು ಹಾಕಿದ್ದೀನಿ ಅಂತ", "ಸುಮೀ, ನಿಮ್ಮವ್ವಗೆ ಹೇಳು, ನಂಗೂ ನಾಲಿಗೆ ಐತೆ ಅಂತ". ನಾನೇ ಅವರ ಟೆಲಿಗ್ರಾಫ್ ತಂತಿ. ಅಜ್ಜಿ ಬೇಕೆಂದೇ ಬೀಗದಕೈ ಒಯ್ದಳು ಎಂದು ಅವ್ವ ಕೊನೆಯವರೆಗೂ ನಂಬಿದ್ದಳು. ಆಮೇಲೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅವ್ವ ಮುಟ್ಟಾಗಿ ದೇವರ ಕೋಣೆ ಹೊಕ್ಕದ್ದೇ ಕಾರಣ ಎಂದು ಅಜ್ಜಿ ಗೋಡೆಗೆ ಹೇಳುತ್ತಿದ್ದಳು. ನಡುವೆ ಕೂತು ನಾನು ಹೋಂವರ್ಕ್ ಮಾಡುತ್ತಿದ್ದೆ. ಸ್ಕೂಲಿನಲ್ಲಿ ನನಗೆ ಪ್ರತಿ ವರ್ಷ ಗುಡ್ ಕಾಂಡಕ್ಟ್ ಪ್ರೈಜ್. ಒಂದು ದಿನ ಕಾನ್ವೆಂಟಿನ ಚಾಪೆಲ್ಲಿನಲ್ಲಿ ತಪ್ಪೊಪ್ಪಿಗೆಯ ಆ ಮರದ ಗೂಡಿನೊಳಗೆ ಯಾರೂ ಇಲ್ಲದಾಗ ಹೋಗಿ ಮಂಡಿಯೂರಿದೆ. ಜಾಲರಿಯಾಚೆ ಯಾರೂ ಇರಲಿಲ್ಲ. ಆದರೂ ಬಾಯಿ ಬರಲಿಲ್ಲ.

ಸಿಸ್ಟರ್ ಆಗ್ನೆಸ್‌ರಿಗೆ ಅದೇ ವರ್ಷ ಟ್ರಾನ್ಸ್‌ಫರ್ ಆಯಿತು. ಮುಂದಿನ ವರ್ಷ ಮತ್ತೆ ನೋಡೋಣ ಎಂದಿದ್ದ ಅಪ್ಪ, ಮುಂದಿನ ವರ್ಷ ಬರುವುದಕ್ಕೆ ಮುಂಚೆಯೇ ಅಕ್ಕನನ್ನು ಹಿರಿಯೂರಿಗೆ ಕೊಟ್ಟರು. ಹುಡುಗ ಮಾರಿಕಣಿವೆ ನಾಲೆಯ ಆಫೀಸಿನಲ್ಲಿ ಗುಮಾಸ್ತ. ಕೆಟ್ಟವನಲ್ಲ. ಮಾತು ಕಮ್ಮಿ, ಕೆಮ್ಮು ಜಾಸ್ತಿ. ಅವನ ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಹನ್ನೆರಡು ವರ್ಷ ಅಕ್ಕ ಅವರ ಮಗ್ಗುಲು ಬದಲಾಯಿಸಿದಳು, ಬಳಿದಳು, ಬೆನ್ನಿಗೆ ಪೌಡರ್ ಹಾಕಿದಳು. ಯಾರೂ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಲಿಲ್ಲ.

ಮದುವೆಯಾಗಿ ಹೋಗುವಾಗ ಅಕ್ಕ ಅತ್ತಿರಲಿಲ್ಲ. ಅಪ್ಪನೇ ಅತ್ತರು. ಆಗ ಊರಿನಲ್ಲಿ ಸರ್ವೆಯವರು ಮೂರು ಕಾಲಿನ ದುರ್ಬೀನು ಇಟ್ಟುಕೊಂಡು ಓಡಾಡುತ್ತಿದ್ದರು.

"ಎರಡು ವರ್ಷ ತಡಿ ಮಗಳೇ. ದುರ್ಗದಿಂದ ಹಿರಿಯೂರಿಗೇ ರೈಲು ಬರ್ತೈತೆ. ಬೆಳಿಗ್ಗೆ ಹತ್ತಿದ್ರೆ ರೊಟ್ಟಿ ಬಿಸಿ ಆರಾದ್ರೊಳಗೆ ನಮ್ಮನೆ."

ಅಕ್ಕನಿಗೆ ಅದೊಂದು ಕುಚೋದ್ಯದ ಮಾತಾಗಿಹೋಯಿತು. ನಾನು ಬಸ್ಸಿನಲ್ಲಿ ಹಿರಿಯೂರಿಗೆ ಹೋದಾಗಲೆಲ್ಲ ಬಾಗಿಲಲ್ಲೇ ಕೇಳುತ್ತಿದ್ದಳು, "ಎಲ್ಲಿಗ್ ಬಂತೇ ನಿಮ್ಮಪ್ಪನ ರೈಲು?" ಅಪ್ಪ ರಿಟೈರ್ ಆಗಿ ನಾವು ಕ್ವಾರ್ಟರ್ಸ್ ಬಿಟ್ಟೆವು. ಆ ಮಣ್ಣಿನ ದಿಬ್ಬ ಒಡೆದು ಕಂಬಿಯನ್ನು ರಾಯದುರ್ಗದ ಕಡೆ ಎಳೆದರು. ದುರ್ಗ ರೈಲು ಮುಗಿಯುವ ಊರಾಗಿ ಉಳಿಯಲಿಲ್ಲ, ಎಂಜಿನ್ ತಿರುಗಿಸುವ ಹಾಸಿನ ಗುಂಡಿಯಲ್ಲಿ ಎಮ್ಮೆಗಳು ಮಲಗಿದವು. ಮುಂದೆ ಸಣ್ಣ ಗೇಜನ್ನೆಲ್ಲ ಕಿತ್ತರು. ಕೆಲವು ವರ್ಷ ರೈಲೇ ಇಲ್ಲದೆ ಪ್ಲಾಟ್‌ಫಾರಂ ಮೇಲೆ ಜನ ಶೇಂಗಾ ಒಣಗಿಸಿದರು. ದೊಡ್ಡ ಗೇಜ್ ಬಂತು, ಮೇಲೆ ಕರೆಂಟಿನ ತಂತಿ ಬಂತು, ಟೈಲ್ಸ್ ಬಂತು. ಹಿರಿಯೂರಿನ ಲೈನಿಗೆ ಈಗ ಮಣ್ಣು ಏರಿಸುತ್ತಿದ್ದಾರೆ. ಅಪ್ಪ ಹೇಳಿದ ಎರಡು ವರ್ಷ ಇನ್ನೂ ಮುಗಿದಿಲ್ಲ. ಈ ಎಲ್ಲದರ ಮಧ್ಯೆ ಅಕ್ಕ ಒಂದು ಸಲವೂ ರೈಲು ಹತ್ತಲಿಲ್ಲ. ಆ ಸಾಯಂಕಾಲ ಟ್ರಂಕಿನ ಜೊತೆ ಇಳಿದವಳು ಮತ್ತೆ ಹತ್ತಲೇ ಇಲ್ಲ. ಬಸ್ಸು, ಲಾರಿ, ಎತ್ತಿನ ಗಾಡಿ, ಎಲ್ಲ ಆಯಿತು, ರೈಲು ಮಾತ್ರ ಇಲ್ಲ.

ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ಆಗಲೇ ತಡವಾಗಿತ್ತು. ಬೆಂಗಳೂರಿಗೆ ಕರೆದೊಯ್ಯಬೇಕು ಎಂದರು. ಹಿರಿಯೂರಿನಿಂದ ಬೆಂಗಳೂರಿಗೆ ನೇರ ರಸ್ತೆ, ಕಾರಿನಲ್ಲಿ ಮೂರು ಗಂಟೆ. ಅಕ್ಕ ಹಟ ಹಿಡಿದಳು. ದುರ್ಗಕ್ಕೆ ಹೋಗಿ ರೈಲಿನಲ್ಲೇ ಹೋಗುತ್ತೇನೆ ಎಂದಳು. ಅವಳ ಮಗ ನನಗೆ ಫೋನ್ ಮಾಡಿ, "ಚಿಕ್ಕಮ್ಮ, ಹಿಂದಕ್ಕೆ ಹೋಗಿ ರೈಲು ಹತ್ತಿ ಮುಂದಕ್ಕೆ ಹೋಗಾದಾ? ನೀವಾದ್ರೂ ಹೇಳ್ರಿ" ಎಂದ. ನಾನು ಹೇಳಲಿಲ್ಲ. ಸ್ಟೇಷನ್ನಿಗೆ ಹೋದೆ.

ಅವಳು ಬೆಂಚಿನ ಮೇಲೆ ಕೂತಿದ್ದಳು. ಸೀರೆಯೊಳಗೆ ಆಳೇ ಇಲ್ಲವೇನೋ ಅನ್ನುವಷ್ಟು ಸಣ್ಣಗಾಗಿದ್ದಳು. ರೈಲು ಬಂದು ನಿಂತಿತ್ತು, ಹೊರಡಲು ಹೊತ್ತಿತ್ತು. ಮಗ ಸಾಮಾನು ಏರಿಸಲು ಹೋದ. ಅಕ್ಕ ಎಂಜಿನ್ನಿನ ಕಡೆ ನೋಡುತ್ತಿದ್ದಳು.

"ಕೋಲು ಕೊಟ್ರೇನೇ?"

"ಈಗ ಕೋಲು ಇಲ್ಲ ಅಕ್ಕ. ಲೈಟ್ ಬಂದ್ರೆ ಸಾಕು, ಹೋಗ್ತಾರೆ."

"ಹೌದಾ. ಆಗ್ಲೇ ಹಂಗ್ ಮಾಡಿದ್ರೆ ಆಗ್ತಿತ್ತು" ಎಂದಳು.

ಈಗ ಹೇಳದಿದ್ದರೆ ಮತ್ತೆ ಇಲ್ಲ ಎಂದು ಗೊತ್ತಿತ್ತು. ಅಕ್ಕಾ, ಆವತ್ತು ಬೀಗದಕೈ, ಎಂದು ಶುರು ಮಾಡಿದೆ. ಅವಳು ನನ್ನ ಕೈ ಮೇಲೆ ಕೈಯಿಟ್ಟಳು.

"ಗೊತ್ತು ಕಣೇ. ನಿನ್ ಫ್ರಾಕಿನ ಜೇಬು ಜೋತು ಬಿದ್ದಿತ್ತು. ನಾನೇ ಹಚ್ಚಿದ ಜೇಬು, ನಂಗೆ ಗೊತ್ತಾಗಲ್ವಾ? ಅಜ್ಜಿ ಬೀಗದಕೈ ಬಿಟ್ರೆ ಅಷ್ಟು ಭಾರ ನಮ್ಮನ್ಯಾಗೆ ಇನ್ಯಾವ್ದು ಇತ್ತು?"

"ಮತ್ತೆ ಯಾಕೆ ಕೇಳ್ಲಿಲ್ಲ ಅಕ್ಕ? ಒಂದ್ ಮಾತು ಕೇಳಿದ್ರೆ ಕೊಟ್ಬಿಡ್ತಿದ್ದೆ. ಅಪ್ಪನ ಮುಂದೆ ಕೂಗಿ ಹೇಳಿದ್ರೂ ಆಗ್ತಿತ್ತಲ್ಲ!"

"ಹೇಳಿದ್ರೆ ಎಲ್ರ ಮುಂದೆ ನಿಂಗೆ ಹೊಡೀತಿದ್ರು." ಅವಳು ಉಸಿರು ತೆಗೆದುಕೊಂಡಳು. "ನೀನಾಗೇ ಕೊಡ್ತೀಯ ಅಂತ ಕುಂತಿದ್ದೆ ಕಣೇ. ಅಷ್ಟೊತ್ತೂ. ಈಗ ಕೊಡ್ತಾಳೆ, ಈಗ ಕೊಡ್ತಾಳೆ ಅಂತ."

ಮಗ ಬಂದು ಅವಳನ್ನು ಎತ್ತಿ ನಿಲ್ಲಿಸಿ ಡಬ್ಬಿಗೆ ಹತ್ತಿಸಿದ. ಕಿಟಕಿಯ ಪಕ್ಕ ಕೂರಿಸಿದ. ನಾನು ಕೆಳಗೆ ನಿಂತೆ, ಅವಳು ಸರಳಿನಾಚೆ ಕೂತಳು, ಮತ್ತೆ ಅದೇ ಥರ. ಆ ರೆಕಾರ್ಡೆಡ್ ಹೆಂಗಸು ರೈಲು ಹೊರಡುತ್ತಿದೆ ಎಂದಳು. ಒಂದು ನಿಮಿಷವೂ ತಡವಾಗಲಿಲ್ಲ. ಅಕ್ಕ ಬೆಂಗಳೂರಿನಿಂದ ವಾಪಸು ಬರಲಿಲ್ಲ, ಅವಳಲ್ಲಿಗೆ ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ನನ್ನ ಪಾಲಿಗೆ ಅವಳು ಇನ್ನೂ ಆ ಕಿಟಕಿಯಲ್ಲೇ ಇದ್ದಾಳೆ. ರೈಲು ಕದಲಿದಾಗ ಅವಳು ನನ್ನ ಮುಖ ನೋಡಿದಳು, ಆಮೇಲೆ ಅವಳ ಕಣ್ಣು ಸ್ವಲ್ಪ ಕೆಳಗಿಳಿಯಿತು. ನಾನು ಹಿಡಿದುಕೊಂಡಿದ್ದ ಪರ್ಸನ್ನು ಬೆಂಚಿನ ಮೇಲೆ ಬಿಸಾಕಿ, ಎರಡೂ ಕೈ ಎತ್ತಿ, ಬೆರಳು ಅಗಲಿಸಿ ಬೀಸಿದೆ. ಕೈಯಲ್ಲಿ ಏನೂ ಇಲ್ಲ ಎಂದು ಅವಳಿಗೆ ಕಾಣಲಿ ಅಂತ, ಕೊನೆಯ ಡಬ್ಬಿ ಹೋಗುವವರೆಗೂ ಬೀಸುತ್ತಲೇ ನಿಂತಿದ್ದೆ.